ಮೈಲಮ್ಮನ ಕೈ ಗುಳಿಗಿ

ಮೈಲಮ್ಮ ನಮ್ಮ ಗ್ವಾಡಿ ಆಚೆ ಮನಿಯ ಸೊಸಿ. ಬಾಗಳಿ ಕಡೆಯಿಂದ ಬರುವ ರಸ್ತೆ ನಮ್ಮೂರಿಗೆ ತಿರುಗುವಲ್ಲಿ ಮೊದಲನೆಯದು ಅವರ ಮನಿ, ಎರಡನೆಯದು ನನ್ನದು. ನಡುವೆ ಒಂದೇ ಮಣ್ಣಿನ ಗ್ವಾಡಿ. ಅಲ್ಲಿ ಯಾರಾದರೂ ಸೀನಿದರೆ ಇಲ್ಲಿ ನಾನು "ಶಿವಾ" ಅನ್ನುತ್ತೇನೆ. ಇಲ್ಲಿ ನನ್ನ ಒಗ್ಗರಣಿ ಸೀದರೆ ಅಲ್ಲಿಂದ ಕೆಮ್ಮು, ಆಮೇಲೆ ಬೈಗುಳ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಆ ಮನಿಯ ಸಪ್ಪಳವೇ ನನಗೆ ಗಡಿಯಾರ. ಮೈಲಮ್ಮನ ಸಂಗತಿಯನ್ನು ಊರಲ್ಲಿ ಒಬ್ಬೊಬ್ಬರು ಒಂದೊಂದು ತರ ಹೇಳುತ್ತಾರೆ. ನಾನು ಕಣ್ಣಾರೆ ಕಂಡದ್ದು, ಗ್ವಾಡಿ ಆಚೆಯಿಂದ ಕಿವಿಗೆ ಬಿದ್ದದ್ದು, ಇಷ್ಟನ್ನು ಮಾತ್ರ ಬರೆದಿದ್ದೇನೆ.

ಅವಳು ಮೈಲಾರದ ಕಡೆಯವಳು, ಹೊಳಿ ನೀರು ಕುಡಿದು ಬೆಳೆದವಳು. ಮದುವಿಯಾಗಿ ಬಂದ ಹೊಸದರಲ್ಲಿ ನಮ್ಮ ಬೋರಿನ ನೀರು ಬಾಯಿಗೆ ಹಾಕಿಕೊಂಡು, "ಪಂಪಕ್ಕಾ, ನಿಮ್ಮೂರಾಗ ಸಾರಿಗೆ ಬ್ಯಾರೆ ಉಪ್ಪು ಹಾಕ್ತೀರೇನು?" ಎಂದು ಕೇಳಿದ್ದಳು. ಕೇಳುವಾಗ ನಗಲಿಲ್ಲ. ತಮಾಷಿಯೋ ಖರೆಯೋ ತಿಳಿಯದ ಮುಖ ಅವಳದು. ಆ ಮುಖವೇ ಮುಂದೆ ಅವಳಿಗೆ ಮುಳುವಾಯಿತು.

ಯಾವುದನ್ನೂ ಅವಳು ಸುಮ್ಮನೆ ನಂಬುವವಳಲ್ಲ. ಹರಪನಹಳ್ಳಿ ಸಂತಿಯಲ್ಲಿ ಜೋಳ ಕೊಳ್ಳುವಾಗ ಚೀಲದ ಮೇಲಿನದನ್ನು ಮುಟ್ಟುವುದಿಲ್ಲ. ಮೊಣಕೈ ತನಕ ಕೈ ಇಳಿಸಿ ಅಡಿಯದನ್ನು ತೆಗೆದು, ಹಲ್ಲಿಗೆ ಹಾಕಿ ಕಡಿದು ನೋಡುತ್ತಾಳೆ. ಹಾಲಿನವನ ಎದುರಿಗೇ ಉಗುರಿನ ಮೇಲೆ ಒಂದು ಹನಿ ನಿಲ್ಲಿಸಿ, ಅದು ಹರಿಯುವುದನ್ನು ನೋಡಿ, "ಹೊಳಿ ನಮ್ಮೂರಾಗ ಐತಿ ಅಂತ ತಿಳಿದಿದ್ದೆ, ನಿನ್ನ ಕ್ಯಾನಿನ್ಯಾಗೂ ಐತಿ ನೋಡಪಾ" ಅನ್ನುತ್ತಾಳೆ. ಹಂಗಂತ ಜಗಳಗಂಟಿ ಅಲ್ಲ. ಉಣ್ಣೆ ನೂಲುತ್ತ ಕುಂತರೆ ಒಂದು ಮಾತು ಹೊರಗೆ ಬರುವುದಿಲ್ಲ.

ಆ ಮನಿಯಲ್ಲಿ ಇದ್ದವರು ಮೂವರು. ಮಾವ ಚೌಡಣ್ಣ ಕಂಬಳಿ ನೇಯುವವನು. ನಮ್ಮ ಕಡೆ ಗುಂಡಿ ಮಗ್ಗ ಇನ್ನೂ ಹೂಡಿರುವ ಕೆಲವೇ ಜನರಲ್ಲಿ ಒಬ್ಬ. ಹೆಂಡತಿ ತೀರಿಹೋಗಿದ್ದಾಳೆ. ಅವನ ತಂಗಿ ಸುಂಕಮ್ಮ, ಗಂಡನ ಮನಿ ಬಿಟ್ಟು ಬಂದು ಅಣ್ಣನ ಮನಿಯಲ್ಲೇ ಹಣ್ಣಾದವಳು. ಮೈಲಮ್ಮ ಬರುವತನಕ ಒಲಿ ಅವಳ ಕೈಯಲ್ಲಿತ್ತು. ಆಮೇಲೆ ಮೈಲಮ್ಮ. ಮೈಲಮ್ಮನ ಗಂಡ ದುರುಗೇಶ್ ಕುರಿ ಹೊಡೆದುಕೊಂಡು ಗದ್ದಿ ಬಯಲಿಗೆ ಹೋದರೆ ವರ್ಷದಲ್ಲಿ ಬಹಳ ದಿನ ಅಲ್ಲೇ. ಕೊಯ್ದ ಗದ್ದಿಯಲ್ಲಿ ಕುರಿಮಂದೆ ನಿಲ್ಲಿಸುವುದು, ಮುಂದಿನ ಗದ್ದಿಗೆ ಹೋಗುವುದು. ಫೋನು ಚಾರ್ಜ್ ಇದ್ದರೆ ಮಾತಾಡುತ್ತಾನೆ, ಇಲ್ಲದಿದ್ದರೆ ಇಲ್ಲ.

ಚೌಡಣ್ಣನಿಗೆ ಎಳೆಯದರಲ್ಲಿ ಕೀಲುನೋವಿನ ಜ್ವರ ಬಂದು ಎದಿಯೊಳಗೆ ರಕ್ತ ಬಿಡುವ ಒಂದು ಕದ ಬಿರುಸಾಗಿತ್ತಂತೆ. ಅದು ಗೊತ್ತಾದದ್ದು ಈಗ, ಮುದುಕನಾದ ಮೇಲೆ. ಮಗ್ಗದ ಗುಂಡಿಯಿಂದ ಏಳುವಾಗ ದಮ್ಮು ಕಟ್ಟಿ ಅಲ್ಲೇ ಕುಸಿದ. ದಾವಣಗೇರಿಯ ದೊಡ್ಡ ಆಸ್ಪತ್ರಿಯಲ್ಲಿ ನೋಡಿ, ಜೀವ ಇರೋತನಕ ತಿನ್ನಬೇಕು ಎಂದು ರಕ್ತದ ಗುಳಿಗಿ ಕೊಟ್ಟರು. ಜೊತಿಗೆ ಹೋದವಳು ಮೈಲಮ್ಮ. ಬಂದು ಗ್ವಾಡಿ ಹತ್ತಿರ ನಿಂತು ನನಗೆ ಹೇಳಿದಳು.

"ಅಕ್ಕಾ, ಮಾವನ ಎದಿ ಮ್ಯಾಲಿನ ಗೂಡು ಬಡಿಯೋದು ಬಿಟ್ಟು ಬರೇ ಅದುರತೈತಂತ. ಅದುರಿದ್ರ ರಕ್ತ ಮುಂದಕ ಸರಿಯಂಗಿಲ್ಲ, ಮೂಲ್ಯಾಗ ನಿಂತು ಬಿಡತೈತಿ. ನಿಂತ ರಕ್ತ ಹೆಪ್ಪಾಗತೈತಿ. ಆ ಹೆಪ್ಪಿನ ಚೂರು ಕಿತ್ತು ತಲಿಗೆ ಹೋದ್ರ ಕೈಕಾಲು, ಮಾತು, ಎಲ್ಲಾ ಹೋಗತಾವಂತ."

"ಹಂಗಾರ ಈ ಗುಳಿಗಿ ರಕ್ತಾನ ನೀರು ಮಾಡತೈತೇನು?"

"ನಾನೂ ಅದನ್ನೇ ಕೇಳಿದೆ. ನೀರು ಮಾಡಂಗಿಲ್ಲಂತ. ಹೆಪ್ಪಾಗೋದನ್ನ ತಡ ಮಾಡತೈತಂತ, ಅಷ್ಟೇ. ಕಮ್ಮಿ ಬಿದ್ರ ಹೆಪ್ಪು, ಹೆಚ್ಚು ಬಿದ್ರ ಎಲ್ಲೆಂದ್ರಲ್ಲಿ ಸೋರಿಕಿ. ಅದಕ್ಕ ರಕ್ತ ತೆಗಿಸಿ ನೋಡಿಕೋತನ ಇರಬೇಕು, ಸೊಪ್ಪು ಒಮ್ಮೆಗೇ ಹೆಚ್ಚು ಮಾಡಬಾರದು, ಒಮ್ಮೆಗೇ ಬಿಡಬಾರದು, ಬ್ಯಾರೆ ಯಾವ ಔಷಧ ನುಂಗಿದ್ರೂ ಹೇಳಬೇಕು ಅಂದ್ರು. ನನಗ್ಯಾಕೋ ಈ ಗುಳಿಗಿ ಮ್ಯಾಲೆ ನಂಬಿಕಿ ಇಲ್ಲಕ್ಕಾ."

ನಂಬಿಕಿ ಇಲ್ಲದ್ದಕ್ಕೇ ಅವಳು ಅದನ್ನು ಹಾವಿನ ಮೇಲೆ ಕಣ್ಣಿಟ್ಟ ಹಾಗೆ ಕಣ್ಣಿಟ್ಟು ಕೊಡುತ್ತಿದ್ದಳು. ಒಮ್ಮೆ ಔಷಧಿ ಅಂಗಡಿಯವನು ಕೊಟ್ಟ ಗುಳಿಗಿಯ ಬಣ್ಣ ಬೇರೆ ಬಂತು. ಹಳೇ ಪಟ್ಟಿ ಪಕ್ಕದಲ್ಲಿಟ್ಟು, "ಇದು ಯಾಕ ಬಿಳಿ ಐತಿ?" ಅಂದಳು. ಅವನು ಕಂಪನಿ ಬೇರೆ, ಒಳಗಿನದು ಒಂದೇ ಅಂದ. "ಹಂಗಂತ ಬರೆದು ಸೈ ಹಾಕಿ ಕೊಡ್ರಿ." ಅವನು ಕೈ ಮುಗಿದು ಹಳೇ ಬಣ್ಣದ್ದನ್ನೇ ತರಿಸಿಕೊಟ್ಟ. ಮೈಲಮ್ಮ ಬಂದರೆ ಅಂಗಡಿಯಲ್ಲಿ ಹಿಂದಿನ ಬಾಗಿಲು ಹುಡುಕುತ್ತಾನೆ ಎಂದು ಚೌಡಣ್ಣ ನಗುತ್ತಿದ್ದ. ಸೊಸಿಯ ಮಾತನ್ನು ಅವನು ತಂಗಿಯ ಮಾತಿಗಿಂತ ಹೆಚ್ಚು ಕೇಳುತ್ತಿದ್ದ. ಅದೂ ಸುಂಕಮ್ಮನ ಕಣ್ಣಿಗೆ ಬಿದ್ದಿತ್ತು.

ಈ ವರ್ಷ ಬ್ಯಾಸಿಗಿ ಹತ್ತುವಾಗ ಚೌಡಣ್ಣನ ಎದಿ ಮತ್ತೆ ತಾಳ ತಪ್ಪಿತು. ಮಗ್ಗದ ಸಪ್ಪಳದಲ್ಲಿ ನನಗೇ ಗೊತ್ತಾಗುತ್ತಿತ್ತು. ಲಾಳಿ ಸರಿಯುವುದು, ಹಲಗಿ ಬಡಿಯುವುದು, ನಡುವೆ ಅವನು ನಿಂತು ಉಸಿರು ತೆಗೆಯುವುದು. ದಾವಣಗೇರಿಗೆ ಹೋದರು. ಎದಿಬಡಿತ ಹದಕ್ಕೆ ತರುವುದು ಎಂದು ಇನ್ನೊಂದು ಗುಳಿಗಿ ಸೇರಿಸಿ, ವಾರ ತುಂಬುತ್ತಲೇ ಬಂದು ರಕ್ತ ತೋರಿಸಬೇಕು, ಮರೆಯಬೇಡಿ ಎಂದು ಹೇಳಿ ಕಳಿಸಿದರು.

ವಾರ ತುಂಬಿತು. ಮೈಲಮ್ಮ ಸೀರಿ ಉಟ್ಟು ತಯಾರಾದಳು. ಚೌಡಣ್ಣ ಗುಂಡಿ ಬಿಟ್ಟು ಮೇಲೆ ಬರಲಿಲ್ಲ. ಬೀಗರ ಮನಿ ಮದುವಿಗೆ ಗದ್ದುಗಿ ಹಾಸುವ ಕರಿ ಕಂಬಳಿ ಮಗ್ಗದ ಮೇಲಿತ್ತು. "ಇದು ಇಳಿಸಿ ಹೋಗೋಣ. ದೇವರ ಗದ್ದುಗಿ ಕಂಬಳಿ ಅರ್ಧಕ್ಕ ಬಿಟ್ಟು ಏಳಬಾರದು" ಅಂದ.

ಸುಂಕಮ್ಮ ಒಳಗಿನಿಂದ ಕೂಗಿದಳು. "ಮೊನ್ನೆ ತೆಗೆದಾರ, ಈಗ ಮತ್ತ ತೆಗಿತಾರ. ಹಿಂಗ ರಕ್ತ ಹೀರಿದ್ರ ಮೈಯಾಗ ಏನು ಉಳಿದೀತು? ಆ ರಕ್ತ ಎಲ್ಲಿಗೆ ಹೋಗತೈತೋ ಯಾವನಿಗೆ ಗೊತ್ತು!"

ಮೈಲಮ್ಮ ಬಸ್ಸಿನ ತನಕ ಒಬ್ಬಳೇ ಹೋಗಿ ತಿರುಗಿ ಬಂದಳು.

ಸ್ವಲ್ಪ ದಿನದಲ್ಲೇ ಚೌಡಣ್ಣನ ಮೈಮೇಲೆ ಕಲೆ ಕಾಣಿಸಿದವು. ತೊಡೆಗೆ ಮಗ್ಗದ ಮರ ತಾಗುವಲ್ಲಿ ನೇರಳೆ ಹಣ್ಣು ಹಿಚುಕಿ ಒರಸಿದ ಹಾಗೆ. ಮೊಣಕೈಯಲ್ಲಿ ಒಂದು, ಬೆನ್ನಿನಲ್ಲಿ ಒಂದು. ಬೇವಿನ ಕಡ್ಡಿಯಲ್ಲಿ ಹಲ್ಲು ಉಜ್ಜಿ ಉಗುಳಿದರೆ ಕೆಂಪು. ಮೈಲಮ್ಮ ನೋಡಿ, "ಮಾವ, ಈಗಲೇ ಏಳ್ರಿ, ಗುಳಿಗಿ ಹೆಚ್ಚಾಗೈತಿ" ಅಂದಳು. ಸುಂಕಮ್ಮ ಆ ಕಲೆ ಮುಟ್ಟಿ ನೋಡಿದಳು, ಆಮೇಲೆ ಮೈಲಮ್ಮನ ಮುಖ ನೋಡಿದಳು. ಚೌಡಣ್ಣ, ಕಂಬಳಿ ಇಳಿಯಲಿ ಎಂದು ಮತ್ತೆ ಮುಂದೂಡಿದ.

ನಮ್ಮ ಕಡೆ ಮದ್ದು ಹಾಕುವುದು ಅಂತ ಒಂದು ಐತಿ. ಮನಸು ತಮ್ಮ ಕಡೆ ಒಲಿಸಿಕೊಳ್ಳಲಿಕ್ಕೆ, ಇಲ್ಲವೇ ಮೈ ಕರಗಿಸಲಿಕ್ಕೆ, ಉಣ್ಣುವ ಅನ್ನದಲ್ಲಿ ಕಲಸಿ ಕೊಡುತ್ತಾರೆ ಅನ್ನುವ ನಂಬಿಕಿ. ಹಾಕಿದವರನ್ನು ಯಾರೂ ಕಂಡಿಲ್ಲ. ತೆಗೆಯುವವರು ಮಾತ್ರ ಬಹಳ ಜನ ಇದ್ದಾರೆ.

ಮರುದಿನ ಮೈಲಮ್ಮ ಉದ್ಯೋಗ ಖಾತ್ರಿ ಕೆಲಸಕ್ಕೆ ಕೆರಿ ಹೂಳು ಎತ್ತಲು ಹೋಗಿದ್ದಳು. ಅವಳು ದಾರಿ ತಿರುಗಿದ್ದೇ ತಡ, ಸುಂಕಮ್ಮ ಆಟೋ ತರಿಸಿದಳು. "ಪಂಪಕ್ಕಾ, ಜೊತಿಗೆ ಬಾ. ಕೊಟ್ಟೂರ ಆಚಿಗೆ ದೊಡ್ಡಬೀರಪ್ಪ ಅದಾನ, ಮದ್ದು ತೆಗಿಯೋನು." ಅವನು ಏನು ಮಾಡುತ್ತಾನೋ ನೋಡೋಣ ಎಂದು ಹೋದೆ.

ದೊಡ್ಡಬೀರಪ್ಪ ಹಣಿಗೆ ಭಂಡಾರ ಬಳಿದುಕೊಂಡು ಕುಂತಿದ್ದ. ಚೌಡಣ್ಣನ ಕಲೆ ನೋಡಿದ. ಒಂದು ಹಿಡಿ ಸೊಪ್ಪನ್ನು ನೀರಿನಲ್ಲಿ ಕಿವುಚಿ, ಆ ಹಸಿರು ನೀರನ್ನು ಚೌಡಣ್ಣನ ಬೊಗಸಿಗೆ ಹಾಕಿ, ಅಲ್ಲಾಡಬ್ಯಾಡ ಅಂದ. ಸ್ವಲ್ಪ ಹೊತ್ತಿಗೆ ನೀರು ಬೊಗಸಿಯಲ್ಲೇ ಗಟ್ಟಿಯಾಗಿ ಗಿಣ್ಣದ ಹಾಗೆ ನಿಂತಿತು. ಸುಂಕಮ್ಮ ಬಾಯಿ ಮುಚ್ಚಿಕೊಂಡಳು.

"ಐತಿ" ಅಂದ ದೊಡ್ಡಬೀರಪ್ಪ. "ಹೆಸರು ನಾ ಹೇಳಂಗಿಲ್ಲ. ಒಲಿ ಮುಂದೆ ಕುಂದ್ರೋ ಕೈ."

ಅದು ದಾಗಡಿ ಬಳ್ಳಿ ಸೊಪ್ಪು. ಬೇಲಿಗೆ ಹಬ್ಬಿರುತ್ತದೆ. ಕುರಿ ಕಾಯುವಾಗ ನಾವು ಹುಡುಗಿಯರು ಅದನ್ನು ಕಿವುಚಿ ಗಟ್ಟಿ ಮಾಡಿ ಒಬ್ಬರ ಬೆನ್ನಿಗೆ ಒಬ್ಬರು ಹಾಕುತ್ತಿದ್ದೆವು. ಯಾರ ಕೈಯಲ್ಲಿ ಹಾಕಿದರೂ ಅದು ಹಾಗೇ ನಿಲ್ಲುವುದು. "ಬೀರಪ್ಪಾ, ಆ ನೀರು ನನ್ನ ಬೊಗಸಿಗೂ ಸ್ವಲ್ಪ ಹಾಕಪಾ, ನೋಡೋಣ" ಅಂದೆ.

"ನಿನಗ ಯಾರು ಮದ್ದು ಹಾಕ್ತಾರಬೇ, ನಿನ್ನ ಮನ್ಯಾಗ ಇರಾಕಿ ನೀ ಒಬ್ಬಾಕಿ!" ಎಂದ. ಅಲ್ಲಿ ಕುಂತವರೆಲ್ಲ ನಕ್ಕರು. ಸುಂಕಮ್ಮ ಮಾತ್ರ ನಗದೆ, "ಸುಮ್ನಿರಕ್ಕಾ, ದೊಡ್ಡೋರು ಅದಾರ" ಎಂದು ನನ್ನ ಮೊಣಕೈ ಚಿವುಟಿದಳು.

ಪಥ್ಯ ಹೇಳಿದ. ದಿನಾ ಬೆಳಿಗ್ಗೆ ಖಾಲಿ ಹೊಟ್ಟಿಗೆ ಸೊಪ್ಪಿನ ರಸ. ಊಟಕ್ಕೆ ನುಗ್ಗಿಸೊಪ್ಪು, ಹೊನಗೊನ್ನಿ ಸೊಪ್ಪು, ಹೊಟ್ಟಿ ತುಂಬ. ಆ ಕೈಯಿಂದ ಒಂದು ತುತ್ತೂ ಇಲ್ಲ. ಆಸ್ಪತ್ರಿ ಗುಳಿಗಿ ಬಿಡಿ ಅಂತ ಅವನು ಹೇಳಲಿಲ್ಲ, "ಅದು ನಿಮ್ಮ ಇಷ್ಟ" ಅಂದ. ಏಳುವಾಗ ಕಡೆಯ ಮಾತು ಹೇಳಿದ. "ಈ ಸೊಪ್ಪಿನ ಸಂಗತಿ ಹೊರಗ ಬಾಯಿ ಬಿಟ್ಟೀರಿ ಅಂದ್ರ, ಕಿತ್ತ ಮದ್ದು ತಿರುಗಿ ಹೊಟ್ಟಿ ಸೇರತೈತಿ. ಆಮ್ಯಾಲೆ ನನ್ನ ಕೈಯಾಗ ಇಲ್ಲ."

ಅವತ್ತಿನಿಂದ ಒಲಿ ಮತ್ತೆ ಸುಂಕಮ್ಮನದಾಯಿತು. ಮೈಲಮ್ಮನಿಗೆ ಎಲ್ಲ ತಿಳಿಯಿತು. ಬೆಳಿಗ್ಗೆ ಅಂಗಳದಲ್ಲಿ ಸೊಪ್ಪು ಕಿವುಚುವುದು ಯಾರಿಗೆ ಕಾಣುವುದಿಲ್ಲ? ತೊಂದರಿ ಆದದ್ದು ಗುಳಿಗಿಗೆ. ಯಾವುದು ಎಷ್ಟು ಎಂಬುದು ಸುಂಕಮ್ಮನಿಗೆ ತಿಳಿಯದು. ಮೈಲಮ್ಮನ ಕೈಯಿಂದ ತೆಗೆದುಕೊಳ್ಳುವಂತಿಲ್ಲ. ಕೊನೆಗೆ ಒಂದು ದಾರಿ ಆಯಿತು. ಸಂಜಿ ಮೈಲಮ್ಮ ಪಟ್ಟಿಯಿಂದ ಗುಳಿಗಿ ಬಿಡಿಸಿ ಗ್ವಾಡಿ ಮೇಲಿಂದ ನನ್ನ ಅಂಗೈಗೆ ಹಾಕುವಳು. ನಾನು ಸುತ್ತಿ ಬಂದು ಅದೇ ಮನಿಯ ಬಾಗಿಲಲ್ಲಿ ಸುಂಕಮ್ಮನ ಅಂಗೈಗೆ ಹಾಕುವೆ. ಸುಂಕಮ್ಮ ಅಣ್ಣನ ಬಾಯಿಗೆ ಹಾಕುವಳು. ಒಂದೇ ಸೂರಿನ ಕೆಳಗಿನ ಗುಳಿಗಿ ಹೀಗೆ ಊರು ಸುತ್ತಿ ಬರುತ್ತಿತ್ತು. ನನ್ನ ಕೈಯಲ್ಲಿ ಇದ್ದಷ್ಟು ಹೊತ್ತು ನನಗೂ ಸಂಶಯವೇ. ತಿರುಗಿಸಿ ಮುರುಗಿಸಿ ನೋಡುತ್ತಿದ್ದೆ. ಅದೇ ಬಣ್ಣ, ಅದೇ ಗೀಟು.

ಕಲೆ ಹಳದಿಯಾದವು, ಆಮೇಲೆ ಹೋದವು. ವಸಡಿನ ರಕ್ತ ನಿಂತಿತು.

ಸುಂಕಮ್ಮ ಅಣ್ಣನ ತೊಡೆ ತೋರಿಸಿ ಓಣಿಗೆಲ್ಲ ಹೇಳಿದಳು. "ಆಕಿ ಕೈ ತಪ್ಪಿಸಿದೆ, ಮೈ ತಿಳಿಯಾತು. ಇನ್ನೇನು ಸಾಕ್ಷಿ ಬೇಕು?"  ನಾನು ದಾಗಡಿ ಯಾರ ಕೈಯಲ್ಲಾದರೂ ಹೆಪ್ಪಾಗುತ್ತದೆ ಎಂದು ಹೇಳಿದೆ. "ಹಂಗಾರ ಕಲೆ ಹ್ಯಾಂಗ ಹೋದ್ವು?" ಎಂದು ತಿರುಗಿ ಕೇಳಿದರು.

ನಳದ ಹತ್ತಿರ ಹೆಂಗಸರು ಮೈಲಮ್ಮನ ಕೊಡದ ಪಕ್ಕ ಕೊಡ ಇಡುವುದು ಬಿಟ್ಟರು. ಕೆರಿ ಕೆಲಸದಲ್ಲಿ ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಅವಳ ಚಟ್ನಿಗೆ ಯಾರೂ ಕೈ ಚಾಚಲಿಲ್ಲ. ಒಬ್ಬಾಕಿ ಅವಳಿಗೆ ಕೇಳುವಂತೆ, "ಗಂಡನ ಬಿಟ್ಟು ಮಾವನ ಒಲಿಸಿಕೊಳ್ಳಾಕ ಹೋಗ್ಯಾಳ" ಅಂದಳಂತೆ. ಅವಳು ತನ್ನ ಪಾಲಿನ ಮಣ್ಣು ಅಗೆದು ಮನಿಗೆ ಬಂದಳು. ದುರುಗೇಶನಿಗೆ ಸುಂಕಮ್ಮ ಫೋನು ಮಾಡಿಸಿದ್ದಳು. ಅವನು ಹೆಂಡತಿಗೆ ಹೇಳಿದ್ದು ಗ್ವಾಡಿ ಈಚೆ ನನಗೂ ಕೇಳಿತು, ಫೋನಿನ ಸದ್ದು ಜೋರಿತ್ತು.

"ನಾ ಬರೋತನಕ ಅಡಿಗಿಮನಿಗೆ ಹೋಗಬ್ಯಾಡ. ಬಂದ ಮ್ಯಾಲೆ ಊರ ದೈವದ ಹಿರೇರ ಮುಂದ ಕುಂತು ಬಗಿಹರಿಸೋಣ. ಅವರು ನಿನ್ನ ತವರಿಗೆ ಕಳಿಸು ಅಂದ್ರ ನಾ ಏನು ಮಾಡ್ಲಿ?"

ಅವಳು ಫೋನು ಇಟ್ಟು ಬಹಳ ಹೊತ್ತು ನೂಲುತ್ತ ಕುಂತಳು. ಆಮೇಲೆ ಗ್ವಾಡಿ ಕಡೆ ತಿರುಗಿ ಕೇಳಿದಳು.

"ಅಕ್ಕಾ, ನಾ ಏನೂ ಹಾಕಿಲ್ಲ. ಹಂಗಾದ್ರ ಮಾವನ ಮೈಯಾಗಿಂದ ಹೋಗಿದ್ದು ಏನು?"

"ಏನವ್ವಾ?"

"ಗುಳಿಗಿ ಶಕ್ತಿ ಹೋಗೈತಿ ಅಂತ ನನಗ ಸಂಶಯ. ಅವತ್ತು ಗುಳಿಗಿ ಹೆಚ್ಚಾಗಿತ್ತು, ಸೋರಿತ್ತು. ಈಗ ಸೊಪ್ಪು ಹೆಚ್ಚಾಗೈತಿ. ಮಾವಗ ಹೇಳಿದೆ, ರಕ್ತ ತೋರಸೋಣ ನಡೀರಿ ಅಂತ. ಕಲೆ ಹೋಗ್ಯಾವಲ್ಲ, ಕಂಬಳಿ ಮುಗೀಲಿ ಅಂತಾರ. ನಾ ಇನ್ನೊಂದು ಸಲ ಬಾಯಿ ಬಿಟ್ರ ಅದೂ ಮದ್ದಿಗೇ ಸೇರತೈತಿ."

ಕರಿ ಕಂಬಳಿ ಇನ್ನು ಗೇಣು ಉಳಿದಿತ್ತು. ಅವತ್ತು ಬೆಳಿಗ್ಗೆ ನಾನು ಅಕ್ಕಿ ಆರಿಸುತ್ತಿದ್ದೆ. ಹರಪನಹಳ್ಳಿ ಬಸ್ಸು ತಿರುವಿನಲ್ಲಿ ಹಾರನ್ ಹೊಡೆಯಿತು. ಆ ಹಾರನ್ನಿನ ಹಿಂದೆಯೇ ಮಗ್ಗದ ಹಲಗಿ ಒಮ್ಮೆ ಬಡಿಯಿತು. ಎರಡನೆಯ ಸಲ ಬಡಿಯಲಿಲ್ಲ. ನಾನು ಕಾದೆ. ಉಸಿರು ತೆಗೆಯಲು ನಿಂತಿದ್ದಾನೆ ಅಂದುಕೊಂಡೆ. ಲಾಳಿ ನೆಲಕ್ಕೆ ಬಿದ್ದ ಸಪ್ಪಳ ಬಂತು.

ನಾನು ಹೋಗುವಷ್ಟರಲ್ಲಿ ಮೈಲಮ್ಮ ಗುಂಡಿಯಲ್ಲಿ ಇಳಿದು ಮಾವನನ್ನು ಹಿಂದಿನಿಂದ ತಬ್ಬಿ ಎತ್ತಿ ಹಿಡಿದಿದ್ದಳು. ಚೌಡಣ್ಣನ ಬಲಗೈ ಜೋತು ಬಿದ್ದಿತ್ತು, ಬಾಯಿ ಒಂದು ಕಡೆಗೆ ಸರಿದಿತ್ತು. ಏನೋ ಹೇಳಲು ನೋಡಿದ, ಬರೀ ಗಾಳಿ ಬಂತು. ಸುಂಕಮ್ಮ ಚೀರಿದಳು. "ಮುಟ್ಟಬ್ಯಾಡಲೇ ನನ್ನ ಅಣ್ಣನ್ನ! ಬಿಡು ಕೈ!" ಮೈಲಮ್ಮ ಬಿಡಲಿಲ್ಲ. "ಅಕ್ಕಾ, ನೂರಾ ಎಂಟಕ್ಕ ಫೋನು ಹಚ್ಚು" ಎಂದಳು ನನಗೆ.

ಹರಪನಹಳ್ಳಿ ಆಸ್ಪತ್ರಿಯಲ್ಲಿ ನೋಡಿ, ಒಂದು ಗಳಿಗಿ ತಡ ಮಾಡಬೇಡಿ ಎಂದು ಅದೇ ಗಾಡಿಯಲ್ಲಿ ದಾವಣಗೇರಿಗೆ ಕಳಿಸಿದರು. ಗಾಡಿಯಲ್ಲಿ ಒಂದು ಕಡೆ ಸುಂಕಮ್ಮ, ಒಂದು ಕಡೆ ಮೈಲಮ್ಮ, ಬಾಗಿಲ ಬಳಿ ನಾನು. ಮೈಲಮ್ಮ ಮಾವನ ಬಾಯಿ ಒರಸಲು ಸೆರಗು ಎತ್ತಿದರೆ ಸುಂಕಮ್ಮ ತನ್ನ ಸೆರಗು ಅಡ್ಡ ತರುತ್ತಿದ್ದಳು.

ದೊಡ್ಡ ಆಸ್ಪತ್ರಿಯಲ್ಲಿ ಒಬ್ಬ ಹರೇದ ಡಾಕ್ಟರಮ್ಮ ಬಂದಳು. ತಲಿಯ ಫೋಟೋ ತೆಗೆಸಿದಳು, ರಕ್ತ ತೆಗೆದುಕೊಂಡು ಹೋದರು. "ಯಾವಾಗಿನಿಂದ ಹೀಗಾಗಿದೆ? ಸರಿಯಾಗಿ ಹೇಳಿ" ಅಂದಳು. ನಾನು ಬಸ್ಸಿನ ಹಾರನ್ ಹೇಳಿದೆ. ಆ ಬಸ್ಸು ಬರುವ ಹೊತ್ತು ಮೈಲಮ್ಮ ಹೇಳಿದಳು. ಡಾಕ್ಟರಮ್ಮ ಗಡಿಯಾರ ನೋಡಿ, "ಇನ್ನೂ ಹೊತ್ತಿದೆ" ಅಂದಳು.

ರಕ್ತ ನೋಡಿದ ಚೀಟಿ ಬಂತು. ಅದನ್ನು ನೋಡಿ ಅವಳ ಮುಖ ಬದಲಾಯಿತು. "ಗುಳಿಗಿ ಕೊಡೋರು ಯಾರು?"

"ನಾನು" ಎಂದಳು ಮೈಲಮ್ಮ.

"ಯಾವಾಗ ನಿಲ್ಲಿಸಿದಿರಿ?"

"ನಿಲ್ಲಿಸಿಲ್ಲರಿ."

"ಸುಳ್ಳು ಹೇಳಬೇಡಿ. ಗುಳಿಗಿ ತಿಂದವರ ರಕ್ತ ಇಷ್ಟು ಬೇಗ ಹೆಪ್ಪುಗಟ್ಟೋದಿಲ್ಲ. ತಿನ್ನದವರ ರಕ್ತದ ಹಾಗೇ ಇದೆ."

ಸುಂಕಮ್ಮ ಒಮ್ಮೆಗೇ ತಿರುಗಿದಳು. "ನೋಡಿದ್ರೇನ್ರಿ? ಗುಳಿಗೀನೂ ಕೊಟ್ಟಿಲ್ಲ ಈಕಿ! ಮದ್ದು ಹಾಕಿ ಸಾಯಲಿಲ್ಲ ಅಂತ ಗುಳಿಗಿ ನಿಲ್ಲಿಸ್ಯಾಳ!"

ನಿನ್ನೆ ತನಕ ರಕ್ತ ಸೋರಿದ್ದಕ್ಕೆ ಅವಳೇ ಕಾರಣ, ಇವತ್ತು ಹೆಪ್ಪಾಗಿದ್ದಕ್ಕೂ ಅವಳೇ. ನಾನು ಮುಂದೆ ಬಂದೆ. "ಡಾಕ್ಟರವ್ವಾ, ದಿನಾ ಸಂಜಿ ಗುಳಿಗಿ ನನ್ನ ಕೈ ದಾಟಿ ಹೋಗೈತಿ. ಬಾಯಿಗೆ ಹಾಕಿದಾಕಿ ಈ ಸುಂಕಮ್ಮ. ಕೇಳ್ರಿ ಬೇಕಾದ್ರ."  

ಡಾಕ್ಟರಮ್ಮ ನಮ್ಮ ಮೂವರನ್ನೂ ಕಳ್ಳರನ್ನು ನೋಡುವ ಹಾಗೆ ನೋಡಿದಳು. "ಹಾಗಿದ್ದರೆ ಇನ್ನೇನೋ ಕೊಟ್ಟಿದ್ದೀರಿ. ಏನು ಅಂತ ಈಗ ಹೇಳಿ. ಮುಂದೆ ನಾನು ಹಾಕೋ ಔಷಧ ಅದರ ಮೇಲೆ ನಿಂತಿದೆ."

ಸುಂಕಮ್ಮ ಮೈಲಮ್ಮನ ರಟ್ಟಿ ಹಿಡಿದು ಕಿವಿಯಲ್ಲಿ ಅಂದಳು. ನನಗೂ ಕೇಳುವಷ್ಟು ಗಟ್ಟಿಯಾಗಿ. "ಬಾಯಿ ಬಿಟ್ಟೀ ಅಂದ್ರ ಮದ್ದು ತಿರುಗತೈತಿ. ಅಣ್ಣ ಸತ್ರ ಕೊಂದಾಕಿ ನೀನೇ. ಊರ ಮುಂದ ಹೇಳ್ತೀನಿ."

ಸುಂಕಮ್ಮ ಹೇಳುವವಳೇ, ಊರೂ ನಂಬುವುದೇ. ಅದು ಮೈಲಮ್ಮನಿಗೂ ಗೊತ್ತಿತ್ತು. ಅವಳು ರಟ್ಟಿ ಬಿಡಿಸಿಕೊಳ್ಳಲಿಲ್ಲ. ಹಾಗೇ ನಿಂತು ಹೇಳಿದಳು.

"ದಿನಾ ಬೆಳಿಗ್ಗೆ ದಾಗಡಿ ಸೊಪ್ಪಿನ ರಸ ಕುಡಿಸ್ಯಾರ್ರಿ. ಊಟಕ್ಕ ನುಗ್ಗಿಸೊಪ್ಪು, ಹೊನಗೊನ್ನಿ, ಬರೇ ಸೊಪ್ಪು. ಅದಕ್ಕೂ ಮುಂಚೆ ಮೈಯೆಲ್ಲ ನೀಲಿ ಆಗಿತ್ತು, ವಸಡಿನ್ಯಾಗ ರಕ್ತ ಬರ್ತಿತ್ತು. ಎದಿಬಡಿತದ ಹೊಸ ಗುಳಿಗಿ ಹತ್ತಿದ ಮ್ಯಾಲೆ ಆಗಿದ್ದು. ವಾರಕ್ಕ ಬರ್ರಿ ಅಂದಿದ್ರಿ, ಬರ್ಲಿಲ್ಲ. ಸೊಪ್ಪು ತಿಂದ ಮ್ಯಾಲೆ ಕಲೆ ಹೋದ್ವು."

ಡಾಕ್ಟರಮ್ಮನ ದನಿ ಇಳಿಯಿತು. "ಅಲ್ಲೇ ಇದೆ ನೋಡಿ. ಎದಿಬಡಿತದ ಗುಳಿಗಿ ಬಂದರೆ ರಕ್ತದ ಗುಳಿಗಿ ಮೈಯಲ್ಲಿ ಕರಗದೆ ಉಳಿದು ಜೋರಾಗುತ್ತೆ. ಅದಕ್ಕೇ ಕಲೆ. ಅದಕ್ಕೇ ವಾರಕ್ಕೆ ಬನ್ನಿ ಅಂದಿದ್ದು, ಅಳತೆ ಇಳಿಸೋದಕ್ಕೆ. ರಕ್ತ ಹೆಪ್ಪಾಗೋ ಶಕ್ತಿಗೆ ಬೇಕಾದ ಸತ್ವ ಹಸಿರು ಸೊಪ್ಪಿನಲ್ಲಿದೆ. ಗುಳಿಗಿ ಆ ಸತ್ವದ ಕೆಲಸ ತಡೆಯುತ್ತೆ. ನೀವು ಸೊಪ್ಪು ಸುರಿದಿರಿ, ಗುಳಿಗಿ ಸೋತಿತು. ಎದಿಯಲ್ಲಿ ಹೆಪ್ಪು ಕಟ್ಟಿ, ಚೂರು ತಲಿಗೆ ಹೋಗಿದೆ."

"ಹಂಗಾರ ಈಗ?"

"ಕಟ್ಟಿದ ಹೆಪ್ಪನ್ನ ಕರಗಿಸೋ ಸೂಜಿ ಇದೆ. ಫೋಟೋದಲ್ಲಿ ತಲಿಯೊಳಗೆ ರಕ್ತ ಸೋರಿಲ್ಲ, ರಕ್ತವೂ ಈಗ ತೆಳ್ಳಗಿಲ್ಲ, ಅದಕ್ಕೇ ಹಾಕಬಹುದು. ಆದರೆ ಆ ಸೂಜಿಗೆ ಕೆಟ್ಟ ಹೆಪ್ಪು ಯಾವುದು, ಗಾಯ ಮುಚ್ಚಿದ ಒಳ್ಳೇ ಹೆಪ್ಪು ಯಾವುದು ತಿಳಿಯಲ್ಲ. ಎರಡನ್ನೂ ಕರಗಿಸುತ್ತೆ. ನೂರರಲ್ಲಿ ಐದಾರು ಜನಕ್ಕೆ ತಲಿಯೊಳಗೇ ರಕ್ತ ಬಿಡಬಹುದು, ಜೀವ ಹೋಗಬಹುದು. ಹಾಕದಿದ್ದರೆ ಈ ಕೈ, ಈ ಮಾತು ಹೀಗೇ ಉಳಿಯೋದು ಹೆಚ್ಚು. ತಡ ಆದಷ್ಟೂ ಲಾಭ ಕಮ್ಮಿ, ಅಪಾಯ ಹೆಚ್ಚು." ಆಮೇಲೆ ಕೇಳಿದಳು. ತಲಿಗೆ ಪೆಟ್ಟು ಬಿದ್ದಿತ್ತೇ, ಮಲ ಕಪ್ಪಗೆ ಹೋಗಿತ್ತೇ, ಈಚೆಗೆ ಎಲ್ಲಾದರೂ ಕೊಯ್ದಿದ್ದರೇ? ಮೈಲಮ್ಮ ಒಂದೊಂದಕ್ಕೂ ಯೋಚಿಸಿ, ಇಲ್ಲ, ಇಲ್ಲ, ಇಲ್ಲ ಅಂದಳು.

ದುರುಗೇಶನ ಫೋನು ಹತ್ತಲಿಲ್ಲ. ಡಾಕ್ಟರಮ್ಮ ಕಾಗದ ಚಾಚಿ, ಒಬ್ಬರು ಸೈ ಹಾಕಬೇಕು ಅಂದಳು. ಸುಂಕಮ್ಮ ಎರಡೂ ಕೈ ಹಿಂದೆ ಕಟ್ಟಿಕೊಂಡಳು. "ನಾ ಹಾಕಂಗಿಲ್ಲ."

ಮೈಲಮ್ಮ ಪೆನ್ನು ತೆಗೆದುಕೊಂಡಳು. ಸುಂಕಮ್ಮನ ದನಿ ಬಿರಿಯಿತು. "ಅವ್ವಾ, ಕೊಲ್ಲಾಕ ಸೈ ಬ್ಯಾರೆ ಹಾಕ್ತೀಯೇನು?"

ಮೈಲಮ್ಮ ಅವಳ ಕಡೆ ನೋಡಿದಳು. ಅದೇ ಮುಖ. ನಗುವೂ ಇಲ್ಲ, ಅಳುವೂ ಇಲ್ಲ. "ಅತ್ತಿ, ಹಾಕದಿದ್ರೂ ನಾನೇ ಕೊಂದಾಕಿ, ಹಾಕಿದ್ರೂ ನಾನೇ. ಅದ್ರಾಗ ಮಾವಗ ಯಾವುದು ಚಲೋ, ಅಷ್ಟು ನೋಡ್ತೀನಿ." ಡಾಕ್ಟರಮ್ಮನ ಕಡೆ ತಿರುಗಿ, "ನಿಮ್ಮ ಸೂಜಿ ಮ್ಯಾಲೂ ನನಗ ನಂಬಿಕಿ ಇಲ್ಲರಿ. ಹಾಕುವಾಗ ನಾ ಪಕ್ಕದಾಗೇ ನಿಂತಿರ್ತೀನಿ" ಎಂದು ಸೈ ಹಾಕಿದಳು.

"ಒಬ್ಬರಿಗೆ ಮಾತ್ರ ಒಳಗೆ ಬಿಡ್ತೀವಿ" ಅಂದಳು ಡಾಕ್ಟರಮ್ಮ. ಆಗ ಮೈಲಮ್ಮ ಮಾಡಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಸುಂಕಮ್ಮನ ಬೆನ್ನಿಗೆ ಕೈ ಹಾಕಿ ಮುಂದೆ ತಳ್ಳಿದಳು. "ಅತ್ತಿ ಹೋಗ್ಲಿ. ನಾ ಹೋದ್ರ, ಒಳಗ ಏನು ಮಾಡಿದ್ಳೋ ಅಂತೀರಿ." ತಾನು ಹೊರಗಿನ ಗಾಜಿಗೆ ಮುಖ ಹಚ್ಚಿ ನಿಂತಳು.

ಸೂಜಿಯ ಔಷಧ ಕೊಳವಿಯಲ್ಲಿ ನಿಧಾನ ಇಳಿಯಿತು. ಬಹಳ ಹೊತ್ತಾದ ಮೇಲೆ ಸುಂಕಮ್ಮ ಹೊರಗೆ ಬಂದಳು.  ನನ್ನ ಪಕ್ಕ ನೆಲದ ಮೇಲೆ ಕುಂತಳು.

"ಪಂಪಕ್ಕಾ, ಅಣ್ಣನ ತೋಳು ನೀಲಿ ಆಗೈತಿ."

"ಎಲ್ಲಿ?"

"ಸೂಜಿ ಚುಚ್ಚಿದಲ್ಲಿ. ರಕ್ತದೊತ್ತಡದ ಪಟ್ಟಿ ಕಟ್ಟಿದಲ್ಲಿ. ನನ್ನ ಕಣ್ಣ ಮುಂದೇ ಹಬ್ಬಿತು. ಅದೇ ಬಣ್ಣ. ಅದೇ ನೇರಳೆ ಬಣ್ಣ. ವಸಡಿನ್ಯಾಗೂ ರಕ್ತ. ಡಾಕ್ಟರಮ್ಮನ ಕೇಳಿದೆ, ಇದು ಯಾರು ಮಾಡಿದ್ದು ಅಂತ. ನಮ್ಮ ಸೂಜಿದೇ ಅಮ್ಮಾ ಅಂದ್ಳು, ಹೀಗೆ ಬರೋದುಂಟು, ಕಾಯ್ತಾ ಇದ್ದೀವಿ ಅಂದ್ಳು." ಮೈಲಮ್ಮನ ಕಡೆ ನೋಡಿ ಮತ್ತೆ ಅಂದಳು. "ಆಕಿ ಮುಟ್ಟೇ ಇಲ್ಲಲ್ಲಕ್ಕಾ. ಆಕಿ ಗಾಜಿನ ಹೊರಗ ನಿಂತಿದ್ಳು."

 ಮೈಲಮ್ಮ ಗಾಜಿನಿಂದ ಮುಖ ತೆಗೆಯಲಿಲ್ಲ.

ಚೌಡಣ್ಣ ಉಳಿದ. ಬಲಗೈ ಮರುದಿನ ಎದಿಮಟ ಎದ್ದಿತು, ಬೆರಳು ಮಾತ್ರ ಇನ್ನೂ ಲಾಳಿ ಹಿಡಿಯುವಷ್ಟು ಬಂದಿಲ್ಲ. ಮಾತು ತಡೆದು ತಡೆದು ಬರುತ್ತದೆ. ಮೊದಲು ಹೊರಬಿದ್ದ ಮಾತು "ಕಂಬಳಿ". ಉಳಿದ ಗೇಣನ್ನು ಬೇರೆಯವರ ಕೈಯಲ್ಲಿ ನೇಯಿಸಿ ಕೊಟ್ಟರು. ದುರುಗೇಶ್ ಕುರಿ ಬಿಟ್ಟು ಓಡಿಬಂದ. ದೈವದವರು ಕುಂದರುವ ಮಾತು ತಾನಾಗಿ ಬಿದ್ದುಹೋಯಿತು. ಯಾರೂ ತಪ್ಪಾಯಿತು ಅನ್ನಲಿಲ್ಲ. ಸುಂಕಮ್ಮನೂ ಅನ್ನಲಿಲ್ಲ. ನಳದ ಹತ್ತಿರ ಕೊಡಗಳು ಮಾತ್ರ ಸ್ವಲ್ಪ ಸ್ವಲ್ಪ ಹತ್ತಿರ ಬಂದವು. ಇನ್ನೂ ಒಂದು ಕೊಡದಷ್ಟು ಜಾಗ ಬಿಡುವವರು ಇದ್ದಾರೆ.

ಮನಿಗೆ ಬಂದ ದಿನ ಸುಂಕಮ್ಮ ಒಲಿ ಮುಂದಿನಿಂದ ಎದ್ದು, "ನಿನ್ನ ಒಲಿ ನೀ ನೋಡ್ಕವ್ವಾ" ಅಂದಳು. ಮೈಲಮ್ಮ ರೊಟ್ಟಿ ಬಡಿದಳು. ಸಪ್ಪಳ ಗ್ವಾಡಿ ಈಚೆ ಬಂತು. ಬಹಳ ದಿನದ ಮೇಲೆ ಬಂದ ಸಪ್ಪಳ, ನಾನು ಎದ್ದು ಹೋದೆ. ಚೌಡಣ್ಣ ಕಂಬಕ್ಕೆ ಒರಗಿ ಕುಂತಿದ್ದ. ದುರುಗೇಶ್ ತಂದಿ ಮುಂದೆ ತಟ್ಟಿ ಸರಿಸಲು ಹೋದ. ಮೈಲಮ್ಮ ತಟ್ಟಿಯನ್ನು ತಡೆದು ಸುಂಕಮ್ಮನ ಮುಂದೆ ಇಟ್ಟಳು.

"ಮೊದಲು ಅತ್ತಿ ತಿನ್ಲಿ. ಅತ್ತಿ ನುಂಗಿದ ಮ್ಯಾಲೆ ಮಾವ."

"ಏ, ಯಾಕ ಬಿಡು ಈಗ" ಎಂದ ದುರುಗೇಶ್.

"ನೀ ಸುಮ್ನಿರು. ಫೋನಿನ್ಯಾಗ ನೀ ಹೇಳಿದ್ದು ನನಗ ನೆನಪೈತಿ. ಇವತ್ತಷ್ಟೇ ಅಲ್ಲ, ದಿನಾ ಹಿಂಗೇ. ಮಾವಗ ಏನರ ಆದ್ರ ಮೊದಲು ಅತ್ತಿಗೆ ಆಗಿರಬೇಕು. ಹಂಗಿದ್ರ ಮಾತ್ರ ನಾ ಈ ಒಲಿ ಹಚ್ಚೋದು."

 ಸುಂಕಮ್ಮ ರೊಟ್ಟಿ ಮುರಿದು, ಪಲ್ಯೆಯಲ್ಲಿ ಅದ್ದಿ, ಬಾಯಿಗೆ ಹಾಕಿಕೊಂಡು ಅಗಿದಳು. ನಿಧಾನ ನುಂಗಿದಳು.

"ಉಪ್ಪು ಕಮ್ಮಿ ಆಗೈತಿ" ಅಂದಳು.

"ಮಾವಗ ಉಪ್ಪು ಕಮ್ಮಿ ಹಾಕು ಅಂದಾರ."

"ಸೊಪ್ಪು ಎಷ್ಟು ಹಾಕೀದಿ?"

"ಇವತ್ತು ಎಷ್ಟೋ, ಇನ್ನ ಮ್ಯಾಲೆ ದಿನಾನೂ ಅಷ್ಟೇ."

ಚೌಡಣ್ಣ ಎಡಗೈಯಲ್ಲಿ ತಟ್ಟಿ ಎಳೆದುಕೊಂಡ. ಅವತ್ತಿನಿಂದ ಆ ಮನಿಯಲ್ಲಿ ಮೊದಲ ತುತ್ತು ಸುಂಕಮ್ಮನದು. ಖಾರ ಹೆಚ್ಚು, ಹಿಟ್ಟು ಬಿರುಸು, ದಿನಕ್ಕೊಂದು ತಕರಾರು. ತಿನ್ನುವುದು ಮಾತ್ರ ತಪ್ಪಿಸಿಲ್ಲ. ದಾವಣಗೇರಿಗೆ ರಕ್ತ ತೋರಿಸಲು ಹೋಗುವ ದಿನ ಈಗ ಎಲ್ಲರಿಗಿಂತ ಮುಂಚೆ ಅವಳೇ ಬಾಗಿಲಲ್ಲಿ ನಿಂತಿರುತ್ತಾಳೆ. ಹೊಸ ಪಟ್ಟಿ ಬಂದರೆ ಹಳೇದರ ಪಕ್ಕ ಹಿಡಿದು ಬೆಳಕಿಗೆ ತಿರುಗಿಸಿ ನೋಡುತ್ತಾಳೆ.

ಮನಿಗೆ ಬಂದ ಆ ಮೊದಲ ಸಂಜಿ ಗುಳಿಗಿ ಹೊತ್ತಾಯಿತು ಎಂದು ನಾನು ರೂಢಿಯಂತೆ ಗ್ವಾಡಿ ಹತ್ತಿರ ಹೋಗಿ ಅಂಗೈ ಚಾಚಿದ್ದೆ. ಯಾರೂ ಏನೂ ಹಾಕಲಿಲ್ಲ. ಇಣುಕಿ ನೋಡಿದೆ. ಮೈಲಮ್ಮ ಪಟ್ಟಿಯಿಂದ ಗುಳಿಗಿ ಬಿಡಿಸಿ ತಾನೇ ಮಾವನ ಬಾಯಿಗೆ ಹಾಕುತ್ತಿದ್ದಳು. ಸುಂಕಮ್ಮ ಪಕ್ಕದಲ್ಲಿ ನೀರಿನ ತಂಬಿಗಿ ಹಿಡಿದು ನಿಂತಿದ್ದಳು. ನಾನು ಅಂಗೈ ಸೆರಗಿಗೆ ಒರಸಿಕೊಂಡು ಒಳಗೆ ಬಂದೆ.